ಮಿಶಿಗನ್ ಸರೋವರದ ಮೇಲೆ ಓಝೋನ್ ಅಳೆಯುವುದು: ಕಷ್ಟವೆಲ್ಲ ಕೆಳಗಿನ ನೂರು ಮೀಟರಿನಲ್ಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಶೆಬಾಯ್ಗನ್ ಊರಿನ ದಕ್ಷಿಣಕ್ಕೆ, ಮಿಶಿಗನ್ ಸರೋವರದ ದಡದಲ್ಲೇ ಕೋಹ್ಲರ್-ಆಂಡ್ರೆ ಎಂಬ ಉದ್ಯಾನವಿದೆ. ಮರಳ ದಿಬ್ಬ, ಪೈನ್ ಮರ, ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಶಿಕಾಗೋ ಅಲ್ಲಿಂದ ಸುಮಾರು 200 ಕಿ.ಮೀ. ದಕ್ಷಿಣಕ್ಕಿದೆ. ಆದರೂ ಬೇಸಿಗೆಯ ಕೆಲವು ಮಧ್ಯಾಹ್ನ ಆ ಉದ್ಯಾನದ ಓಝೋನ್ ಮಾಪಕ ಶಿಕಾಗೋ ನಗರದೊಳಗಿನ ಮಾಪಕಗಳಿಗಿಂತ ಹೆಚ್ಚು ತೋರಿಸುತ್ತದೆ. ಇನ್ನೂ ವಿಚಿತ್ರವೆಂದರೆ, ದಡದಿಂದ ಕೆಲವೇ ಕಿ.ಮೀ. ಒಳಗೆ ಹೋದರೆ ಅಂಕಿ ಇಳಿಯುತ್ತದೆ. ಉಸಿರಾಡುವ ಗಾಳಿಯ ಓಝೋನಿಗೆ ಅಮೆರಿಕದ ಈಗಿನ ರಾಷ್ಟ್ರೀಯ ಮಿತಿ 2015ರಲ್ಲಿ ನಿಗದಿಯಾದ 70 ಪಿಪಿಬಿ, ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ 70 ಓಝೋನ್ ಅಣು. ಪ್ರತಿದಿನದ ಗರಿಷ್ಠ 8 ಗಂಟೆಯ ಸರಾಸರಿಗಳನ್ನು ಸಾಲಾಗಿ ಇಟ್ಟು, ವರ್ಷದ ನಾಲ್ಕನೇ ಅತಿ ಹೆಚ್ಚಿನ ಅಂಕಿಯನ್ನು ಎತ್ತಿಕೊಂಡು, ಮೂರು ವರ್ಷಕ್ಕೆ ಸರಾಸರಿ ಮಾಡುತ್ತಾರೆ. ಅಂದರೆ ವರ್ಷದಲ್ಲಿ ನಾಲ್ಕೈದು ಕೆಟ್ಟ ದಿನಗಳಿದ್ದರೂ ಸಾಕು, ಒಂದಿಡೀ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನಿಯಮ ಮೀರಿದ ಪಟ್ಟಿಗೆ ಸೇರುತ್ತದೆ. ಆ ದಿನಗಳಲ್ಲಿ ಸರೋವರದ ಮೇಲೆ ಏನು ನಡೆಯುತ್ತದೆ ಎಂದು ತಿಳಿಯಲು ವಿಮಾನ ಬೇಕಾಗುವುದು ಇದಕ್ಕೇ.

ಮಿಶಿಗನ್ ಸರೋವರ ಸುಮಾರು 490 ಕಿ.ಮೀ. ಉದ್ದ, ಅಗಲವಾದ ಕಡೆ 190 ಕಿ.ಮೀ., ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ. ಮೇ ಕೊನೆ, ಜೂನ್ ತಿಂಗಳಲ್ಲಿ ನೆಲದ ಮೇಲೆ ಗಾಳಿ 28-30 ಡಿಗ್ರಿಗೆ ಏರಿದ್ದರೂ ನಡುಸರೋವರದ ನೀರು ಇನ್ನೂ 10 ಡಿಗ್ರಿ ಆಸುಪಾಸಿನಲ್ಲೇ ಇರಬಹುದು. ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಬಂದಾಗ ಕೆಳಗಿನ ಪದರ ತಂಪಾಗಿ ಭಾರವಾಗುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ. ಇದೇ ತಾಪ ವಿಲೋಮ. ಕೆಳಗಿನ ಗಾಳಿ ಮೇಲೇಳುವುದಿಲ್ಲ, ಮೇಲಿನದು ಕೆಳಗಿಳಿಯುವುದಿಲ್ಲ. ಈ ತಂಪು ಪದರದ ದಪ್ಪ ಕೆಲವೊಮ್ಮೆ ಬರೀ ಕೆಲವು ಹತ್ತು ಮೀಟರ್, ಕೆಲವೊಮ್ಮೆ ನೂರಿನ್ನೂರು ಮೀಟರ್.

ರಾತ್ರಿ ಮತ್ತು ಬೆಳಗಿನ ಜಾವ ನೆಲದ ಗಾಳಿ ಶಿಕಾಗೋ, ಗ್ಯಾರಿ, ಮಿಲ್ವಾಕಿ ಕಡೆಯ ವಾಹನ, ಕಾರ್ಖಾನೆ, ವಿದ್ಯುತ್ ಸ್ಥಾವರಗಳ ನೈಟ್ರೋಜನ್ ಆಕ್ಸೈಡುಗಳನ್ನೂ ಸಾವಯವ ಆವಿಗಳನ್ನೂ ನೀರಿನ ಮೇಲಕ್ಕೆ ತಳ್ಳುತ್ತದೆ. ನೈರುತ್ಯದ ಗಾಳಿ ಇದ್ದ ದಿನ ಹಗಲಲ್ಲೂ ಈ ತಳ್ಳಾಟ ಮುಂದುವರಿಯುತ್ತದೆ. ಸೂರ್ಯ ಮೇಲೇರಿದಂತೆ ನೈಟ್ರೋಜನ್ ಡೈಆಕ್ಸೈಡ್ ಸುಮಾರು 420 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಬೆಳಕಿಗೆ ಒಡೆದು ಒಂದು ಆಮ್ಲಜನಕ ಪರಮಾಣುವನ್ನು ಬಿಡುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಮತ್ತೆ ಓಝೋನನ್ನು ತಿಂದು ಡೈಆಕ್ಸೈಡ್ ಆಗುತ್ತದೆ. ಇಷ್ಟೇ ಆಗಿದ್ದರೆ ಲೆಕ್ಕ ಸರಿಸಮ, ಓಝೋನ್ ಕೂಡಿ ಬೀಳುತ್ತಲೇ ಇರಲಿಲ್ಲ. ಸಾವಯವ ಆವಿಗಳಿಂದ ಹುಟ್ಟುವ ಪೆರಾಕ್ಸಿ ರ‍್ಯಾಡಿಕಲ್‌ಗಳೆಂಬ ಚುರುಕು ಅಣುತುಣುಕುಗಳು ಓಝೋನನ್ನು ಮುಟ್ಟದೆಯೇ ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡಿಬಿಡುತ್ತವೆ. ಆಗಲೇ ಓಝೋನ್ ಮಿಗುವುದು.

ನೀರಿನ ಮೇಲೆ ಮಿಕ್ಕದ್ದು ಖರ್ಚಾಗುವ ದಾರಿಯೂ ಕಡಿಮೆ. ನೆಲದ ಮೇಲೆ ಎಲೆ, ಮಣ್ಣು ಓಝೋನನ್ನು ಹೀರಿಕೊಳ್ಳುತ್ತವೆ. ನೀರು ಹೀರುವ ವೇಗ ಹಗಲಿನ ಹಸಿರು ನೆಲದ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಹೊಸದಾಗಿ ನೈಟ್ರಿಕ್ ಆಕ್ಸೈಡ್ ಉಗುಳಿ ಓಝೋನ್ ತಗ್ಗಿಸಲು ರಸ್ತೆಗಳಿಲ್ಲ. ಮೋಡ ಕೂಡ ತಂಪು ನೀರಿನ ಮೇಲೆ ಕಡಿಮೆ, ಹಾಗಾಗಿ ಬಿಸಿಲು ಪೂರ್ತಿ ಬೀಳುತ್ತದೆ. ಮಧ್ಯಾಹ್ನ ನೆಲ ಕಾದು ಸರೋವರದ ಗಾಳಿ ಒಳನುಗ್ಗಿದಾಗ ಈ ತೆಳು ಪದರವೇ ದಡದ ಮಾಪಕಗಳ ಮೇಲೆ ಹಾಯುತ್ತದೆ. ಒಳನಾಡಿಗೆ ಹೋದಂತೆ ನೆಲದ ಕಾವಿಗೆ ಪದರ ಒಡೆದು ಮೇಲಿನ ಗಾಳಿಯೊಡನೆ ಬೆರೆಯುತ್ತದೆ, ಅಂಕಿ ಇಳಿಯುತ್ತದೆ. ಶೆಬಾಯ್ಗನ್ ಕೌಂಟಿಯನ್ನು ನಿಯಮದ ಲೆಕ್ಕಕ್ಕೆ ದಡದ ಭಾಗ, ಒಳನಾಡಿನ ಭಾಗ ಎಂದು ಎರಡು ಮಾಡಿದ್ದು ಈ ಕಾರಣಕ್ಕೇ.

ಹಾಗಾಗಿ ಹುಡುಕಬೇಕಾದ ಮಾಲು ನೀರಿನ ಮೇಲಿನ ತೀರ ತೆಳುವಾದ ಪದರದಲ್ಲಿದೆ. ದಡದ ಮಾಪಕಕ್ಕೆ ಅದರ ಅಂಚು ಮಾತ್ರ ಕಾಣುತ್ತದೆ. ಉಪಗ್ರಹಕ್ಕೆ ಅದು ಕಾಣುವುದೇ ಕಷ್ಟ, ಏಕೆಂದರೆ ವಾತಾವರಣದ ಓಝೋನಿನ ಸುಮಾರು 90 ಶೇಕಡ ಮೇಲಿನ ಸ್ಟ್ರಾಟೋಸ್ಫಿಯರಿನಲ್ಲಿದೆ. 2023ರ ಏಪ್ರಿಲಿನಲ್ಲಿ ಉಪಗ್ರಹವೊಂದರ ಮೇಲೆ ಹಾರಿದ ಟೆಂಪೋ ಉಪಕರಣ ಉತ್ತರ ಅಮೆರಿಕವನ್ನು ಹಗಲಲ್ಲಿ ಗಂಟೆಗೊಮ್ಮೆ ನೋಡುತ್ತದೆ, ನೈಟ್ರೋಜನ್ ಡೈಆಕ್ಸೈಡ್ ವಿಷಯದಲ್ಲಿ ಅದರ ಉಪಕಾರ ದೊಡ್ಡದು. ಆದರೆ ನೀರಿಗೆ ಅಂಟಿದ ನೂರು ಮೀಟರನ್ನು ಬಿಡಿಸಿ ತೋರಿಸಲು ಅದರಿಂದಲೂ ಆಗದು. ಮಿಲ್ವಾಕಿಯಿಂದ ಎದುರು ದಡದ ಮಸ್ಕೀಗನ್‌ಗೆ ಓಡಾಡುವ ಫೆರಿಯ ಮೇಲೆ ಮಾಪಕ ಇಟ್ಟು ತೆಗೆದ ದತ್ತಾಂಶ ಬಹಳ ಒಳ್ಳೆಯದು, ಆದರೆ ಅದು ಒಂದೇ ಗೆರೆ, ಒಂದೇ ಎತ್ತರ. ಪದರದ ದಪ್ಪ ಎಷ್ಟು, ಅದರ ಮೇಲೆ ಏನಿದೆ ಎಂಬುದಕ್ಕೆ ಉತ್ತರ ಬೇಕಾದರೆ ಮೇಲೆ ಕೆಳಗೆ ಹಾರಲೇಬೇಕು.

ಎರಡು ವಿಮಾನ, ಎರಡು ಕೆಲಸ

ಈ ಸರೋವರದ ಮೇಲೆ 1991ರಲ್ಲೇ ದೊಡ್ಡ ಅಧ್ಯಯನ ನಡೆದು ವಿಮಾನಗಳು ಹಾರಿದ್ದವು. ಎರಡನೆಯದು 2017ರ ಮೇ 22ರಿಂದ ಜೂನ್ 22ರವರೆಗೆ ನಡೆದ ಲೇಕ್ ಮಿಶಿಗನ್ ಓಝೋನ್ ಸ್ಟಡಿ. ಅದರಲ್ಲಿ ಸೈಂಟಿಫಿಕ್ ಏವಿಯೇಷನ್ ಸಂಸ್ಥೆಯ ಒಂದೇ ಎಂಜಿನ್‌ನ ಮೂನಿ ವಿಮಾನ ಗಾಳಿಯನ್ನು ಒಳಗೆಳೆದು ಓಝೋನ್, ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಡೈಆಕ್ಸೈಡ್, ಮಿಥೇನ್ ಅಳೆಯುತ್ತಿತ್ತು. ನಾಸಾದ ಕಿಂಗ್ ಏರ್ ವಿಮಾನ ಹಲವು ಕಿಲೋಮೀಟರ್ ಎತ್ತರದಿಂದ ಜಿಯೋಟಾಸೋ ಎಂಬ ಸ್ಪೆಕ್ಟ್ರೋಮೀಟರಿನಲ್ಲಿ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಉಪಕರಣ) ಕೆಳಗಿಣುಕಿ, 250 ಮೀಟರ್ ಚೌಕದ ತುಣುಕುಗಳಲ್ಲಿ ನೈಟ್ರೋಜನ್ ಡೈಆಕ್ಸೈಡಿನ ನಕ್ಷೆ ಬಿಡಿಸುತ್ತಿತ್ತು. ಕೆಳಗೆ ಇಲಿನಾಯ್‌ನ ಝಯಾನ್ ಮತ್ತು ಶೆಬಾಯ್ಗನ್‌ನಲ್ಲಿ ನೆಲದ ಠಾಣೆಗಳಿದ್ದವು, ನೀರಿನ ಮೇಲೆ ನೋವಾ ಎಂಬ ಅಮೆರಿಕದ ಸಾಗರ-ಹವಾಮಾನ ಸಂಸ್ಥೆಯ ಒಂದು ಹಡಗೂ ಇತ್ತು. ಹೊಗೆ ಎಲ್ಲಿಂದ ಹೊರಟು ಎತ್ತ ಹೋಗುತ್ತಿದೆ ಎಂಬುದನ್ನು ಮೇಲಿನ ವಿಮಾನ ಹೇಳುತ್ತದೆ. ಆ ಹೊಗೆ ಓಝೋನ್ ಆಗಿ ಯಾವ ಎತ್ತರದಲ್ಲಿ ಎಷ್ಟು ಕೂತಿದೆ ಎಂಬುದನ್ನು ಕೆಳಗಿನದು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕಥೆ ಅರ್ಧ.

ಮೇಲಿನಿಂದ ನೋಡುವ ಉಪಕರಣದ ಬಗ್ಗೆ ಒಂದೇ ಎಚ್ಚರಿಕೆ. ಸರೋವರದ ನೀರು ನೆಲಕ್ಕಿಂತ ಕಪ್ಪು. ಅಷ್ಟೇ ನೈಟ್ರೋಜನ್ ಡೈಆಕ್ಸೈಡ್ ಇದ್ದರೂ ನೀರಿನ ಮೇಲೆ ಅದರ ಸುಳಿವು ಸಣ್ಣದಾಗಿ ಕಾಣುತ್ತದೆ. ಅನಿಲ ಕೆಳಗಿನ ತೆಳು ಪದರದಲ್ಲಿ ಕೂತಿದ್ದಷ್ಟೂ ಉಪಕರಣಕ್ಕೆ ಕಾಣುವುದು ಕಡಿಮೆ. ಈ ಎರಡನ್ನೂ ತಿದ್ದದೆ ಬಿಡಿಸಿದ ನಕ್ಷೆಯಲ್ಲಿ ದಡದ ಗೆರೆಯಗುಂಟ ಒಂದು ಸುಳ್ಳು ಮೆಟ್ಟಿಲು ಮೂಡುತ್ತದೆ, ನೋಡಿದವರು ಅದನ್ನೇ ಸರೋವರದ ಗಾಳಿಯ ಮುಂಚೂಣಿ ಎಂದುಕೊಳ್ಳುತ್ತಾರೆ.

ಮಾಪಕದೊಳಗೆ

ವಿಮಾನದಲ್ಲಿ ಸಾಮಾನ್ಯವಾಗಿ ಬಳಸುವುದು ನೇರಳಾತೀತ ಫೋಟೋಮೀಟರ್. ಪಾದರಸದ ದೀಪದ 253.7 ನ್ಯಾನೋಮೀಟರ್ ಬೆಳಕನ್ನು ಗಾಳಿ ತುಂಬಿದ ಕೊಳವೆಯ ಮೂಲಕ ಹಾಯಿಸುತ್ತಾರೆ. ಓಝೋನ್ ಆ ಬೆಳಕನ್ನು ಹೀರುತ್ತದೆ. ಎಷ್ಟು ಕುಂದಿತು ಎಂಬುದರಿಂದ ಎಷ್ಟು ಓಝೋನ್ ಎಂಬ ಲೆಕ್ಕ. ಕುಂದುವುದು ಎಷ್ಟು ಸ್ವಲ್ಪ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. 15 ಸೆಂಟಿಮೀಟರ್ ಉದ್ದದ ಕೊಳವೆ, ಸಮುದ್ರಮಟ್ಟದ ಒತ್ತಡ, 25 ಡಿಗ್ರಿ, 60 ಪಿಪಿಬಿ ಓಝೋನ್ ಎಂದಿಟ್ಟುಕೊಳ್ಳಿ. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 1.5 ಲಕ್ಷ ಕೋಟಿ ಓಝೋನ್ ಅಣುಗಳಿರುತ್ತವೆ, ಆದರೂ ಬೆಳಕು ಕುಂದುವುದು 0.025 ಶೇಕಡ ಮಾತ್ರ. 1 ಪಿಪಿಬಿ ಗುರುತಿಸಬೇಕಾದರೆ 0.0004 ಶೇಕಡ ವ್ಯತ್ಯಾಸ ಹಿಡಿಯಬೇಕು. ದೀಪ ಒಂದಿಷ್ಟು ಕಂಪಿಸಿದರೂ, ಕೊಳವೆಯ ಒಳಗೋಡೆಯ ಹೊಳಪು ಕೂದಲೆಳೆಯಷ್ಟು ಬದಲಾದರೂ ಅದೇ ಒಂದು ದೊಡ್ಡ ಓಝೋನ್ ಅಂಕಿಯಾಗಿ ಹೊರಬರುತ್ತದೆ.

ಅದಕ್ಕೆ ಉಪಾಯ, ಅದೇ ಗಾಳಿಯನ್ನು ಮ್ಯಾಂಗನೀಸ್ ಡೈಆಕ್ಸೈಡ್ ಬಗೆಯ ಸ್ಕ್ರಬ್ಬರ್ ಮೂಲಕ ಹಾಯಿಸಿ ಓಝೋನ್ ತೆಗೆದು, ಇದ್ದಾಗ ಎಷ್ಟು ಬೆಳಕು, ಇಲ್ಲದಾಗ ಎಷ್ಟು ಎಂದು ಹೋಲಿಸುವುದು. ಒಂದೇ ಕೊಳವೆಯ ಮಾಪಕ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತದೆ. ಆದ್ದರಿಂದ ಒಂದು ಅಂಕಿಗೆ ಸಾಮಾನ್ಯವಾಗಿ 10 ಸೆಕೆಂಡ್. ಎರಡು ಕೊಳವೆಯ ಮಾಪಕದಲ್ಲಿ ಒಂದರಲ್ಲಿ ಓಝೋನ್ ಸಹಿತ ಗಾಳಿ, ಇನ್ನೊಂದರಲ್ಲಿ ರಹಿತ ಗಾಳಿ ಏಕಕಾಲಕ್ಕೆ ಇರುತ್ತದೆ, ಕವಾಟ ಅದಲುಬದಲು ಮಾಡುತ್ತಾ 2 ಸೆಕೆಂಡಿಗೊಂದು ಅಂಕಿ ಕೊಡುತ್ತದೆ, ದೀಪದ ಕಂಪನವೂ ಎರಡು ಕಡೆ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ಸರೋವರದ ಕೆಲಸಕ್ಕೆ ನನ್ನ ಮಟ್ಟಿಗೆ ಎರಡು ಕೊಳವೆಯದೇ ಬೇಕು. ಕಾರಣ ಸರಳ: ನಿಮಿಷಕ್ಕೆ 500 ಅಡಿಯಂತೆ ಏರುವ ವಿಮಾನ ಸೆಕೆಂಡಿಗೆ ಎರಡೂವರೆ ಮೀಟರ್ ಏರುತ್ತದೆ, ಕೆಳಗಿನ ನೂರು ಮೀಟರನ್ನು 40 ಸೆಕೆಂಡಿನಲ್ಲಿ ದಾಟುತ್ತದೆ. 10 ಸೆಕೆಂಡಿನ ಮಾಪಕಕ್ಕೆ ಅಲ್ಲಿ ಸಿಗುವುದು ನಾಲ್ಕು ಅಂಕಿ. 2 ಸೆಕೆಂಡಿನದಕ್ಕೆ 20. ಪದರ 50 ಮೀಟರ್ ದಪ್ಪ ಇದ್ದರೆ ಮೊದಲನೆಯದು ಅದರ ಮೇಲಂಚನ್ನು ಕಲಸಿಹಾಕಿಬಿಡುತ್ತದೆ.

ಕೊಳವೆಯೊಳಗಿನ ಒತ್ತಡ, ತಾಪ ಎರಡನ್ನೂ ಪ್ರತಿ ಅಂಕಿಯೊಡನೆ ದಾಖಲಿಸಬೇಕು, ಏಕೆಂದರೆ ಬೆಳಕು ಎಣಿಸುವುದು ಅಣುಗಳ ಸಂಖ್ಯೆಯನ್ನು, ನಮಗೆ ಬೇಕಿರುವುದು ಪಾಲು. 3 ಕಿ.ಮೀ. ಎತ್ತರದಲ್ಲಿ ಒತ್ತಡ ಸುಮಾರು 700 ಹೆಕ್ಟೋಪ್ಯಾಸ್ಕಲ್. ಅಣುಗಳು ಕಡಿಮೆಯಾದಷ್ಟೂ ಪಿಪಿಬಿ ಲೆಕ್ಕದಲ್ಲಿ ಗದ್ದಲ (ಅಂಕಿಯ ಸುಳ್ಳು ಏರಿಳಿತ) ಹೆಚ್ಚುತ್ತದೆ. ಇನ್ನೊಂದು ವಿಷಯ: 253.7 ನ್ಯಾನೋಮೀಟರಿನಲ್ಲಿ ಓಝೋನ್ ಬೆಳಕು ಹೀರುವ ಪ್ರಮಾಣಾಂಕವನ್ನೇ ಅಂತರರಾಷ್ಟ್ರೀಯ ಮಾಪನ ಸಮುದಾಯ ಪರಿಷ್ಕರಿಸಿದೆ. 2019ರ ಮೌಲ್ಯ ಹಳೆಯದಕ್ಕಿಂತ ಸುಮಾರು 1.2 ಶೇಕಡ ಕಡಿಮೆ, ಅಂದರೆ ಅದೇ ಗಾಳಿಗೆ ಹೊಸ ಲೆಕ್ಕದಲ್ಲಿ ಓಝೋನ್ 1.2 ಶೇಕಡ ಹೆಚ್ಚು. 70 ಪಿಪಿಬಿ ಹತ್ತಿರ ಇದು ಸುಮಾರು 0.9 ಪಿಪಿಬಿ. ಹಳೆಯ ಹಾರಾಟವನ್ನು ಹೊಸದರೊಡನೆ ಹೋಲಿಸುವ ಮೊದಲು ಯಾವ ಮೌಲ್ಯ ಬಳಸಿದ್ದಾರೆ ಎಂದು ನೋಡಿಕೊಳ್ಳಲೇಬೇಕು.

ತೇವದ ಕಾಟ

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ನೀರಾವಿ. ನೀರಾವಿ 253.7 ನ್ಯಾನೋಮೀಟರಿನಲ್ಲಿ ಬೆಳಕು ಹೀರುವುದಿಲ್ಲ, ಹಾಗಾಗಿ ತೊಂದರೆ ಇಲ್ಲವೆಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಅದು ಕೊಳವೆಯ ಗೋಡೆಗೂ ಕಿಟಕಿಗೂ ಅಂಟಿ ಬೆಳಕು ಪ್ರತಿಫಲಿಸುವ ಬಗೆಯನ್ನು ಬದಲಿಸುತ್ತದೆ. ಸ್ಕ್ರಬ್ಬರ್ ಕೂಡ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಣ ಗಾಳಿ ಬಂದಾಗ ಬಿಡುತ್ತದೆ. ತೇವ ಒಂದೇ ಸಮ ಇದ್ದಾಗ ಎರಡು ಕಡೆಯೂ ಸಮನಾಗಿ ಏನೂ ತಿಳಿಯುವುದಿಲ್ಲ. ತೇವ ಥಟ್ಟನೆ ಬದಲಾದಾಗ ಮಾತ್ರ ಸ್ಕ್ರಬ್ಬರ್ ಹಾದು ಬಂದ ಗಾಳಿ, ನೇರ ಬಂದ ಗಾಳಿ ಎರಡರ ತೇವ ಬೇರೆಯಾಗಿ, ಕೆಲವು ಸೆಕೆಂಡುಗಳಿಂದ ಹಿಡಿದು ನಿಮಿಷದವರೆಗೆ ಇಲ್ಲದ ಓಝೋನ್ ತೋರಿಸುತ್ತದೆ, ಅಥವಾ ಇದ್ದದ್ದನ್ನು ಮುಚ್ಚುತ್ತದೆ. ತಪ್ಪು ಹತ್ತಾರು ಪಿಪಿಬಿ ಮುಟ್ಟುವುದೂ ಉಂಟು.

ಸರೋವರದ ಮೇಲೆ ತೇವ ಥಟ್ಟನೆ ಬದಲಾಗುವುದು ಎಲ್ಲಿ? ಒಣ ಗಾಳಿಯಿಂದ ನೀರಿನ ಮೇಲಿನ ತಂಪು ಪದರಕ್ಕೆ ಇಳಿಯುವ ಗಡಿಯಲ್ಲಿ. ನಾವು ಹುಡುಕುತ್ತಿರುವ ಓಝೋನ್ ಮೆಟ್ಟಿಲು ಇರುವುದೂ ಸರಿಯಾಗಿ ಅಲ್ಲೇ. ಹಾಗಾಗಿ ಪದರದೊಳಗೆ ಇಳಿದ ತಕ್ಷಣ ಓಝೋನ್ ನೆಗೆದರೆ, ಅದನ್ನು ನಂಬುವ ಮೊದಲು ಅನುಮಾನಿಸುವುದು ಒಳ್ಳೆಯ ಅಭ್ಯಾಸ.

ಪರಿಹಾರ ಮೂರು ಹಂತದ್ದು. ಮೊದಲನೆಯದು, ಗಾಳಿ ಅಳೆಯುವ ಕೊಳವೆಗೆ ಹೋಗುವ ಮುನ್ನ ಎರಡೂ ದಾರಿಯಲ್ಲಿ ನಾಫಿಯಾನ್ ನಳಿಕೆ ಇಡುವುದು. ಈ ವಸ್ತು ನೀರಾವಿಯನ್ನು ತನ್ನ ಗೋಡೆಯ ಮೂಲಕ ಬಿಟ್ಟುಕೊಡುತ್ತದೆ, ಓಝೋನನ್ನು ಬಿಡುವುದಿಲ್ಲ; ಹೀಗೆ ಎರಡು ಗಾಳಿಯ ತೇವ ಸಮವಾಗುತ್ತದೆ. ಎರಡನೆಯದು, ಪ್ರತಿ ಸುರುಳಿಯನ್ನೂ (ಒಂದೇ ಜಾಗದ ಮೇಲೆ ಸುತ್ತುತ್ತಾ ಎತ್ತರ ಬದಲಿಸುವ ಹಾರಾಟ) ಇಳಿಯುತ್ತಾ ಒಮ್ಮೆ, ಏರುತ್ತಾ ಒಮ್ಮೆ ಹಾರುವುದು. ತೇವದ ತಪ್ಪು ಇಳಿಯುವಾಗ ಒಂದು ದಿಕ್ಕಿಗೆ, ಏರುವಾಗ ವಿರುದ್ಧ ದಿಕ್ಕಿಗೆ ಬರುತ್ತದೆ. ನಿಜವಾದ ಓಝೋನ್ ಎರಡರಲ್ಲೂ ಒಂದೇ ಎತ್ತರದಲ್ಲಿ ಒಂದೇ ರೀತಿ ನಿಲ್ಲುತ್ತದೆ. ಮೂರನೆಯದು, ಪದರದೊಳಗೆ ಇಳಿದ ಮೇಲೆ ಎರಡು ಮೂರು ನಿಮಿಷ ಒಂದೇ ಎತ್ತರದಲ್ಲಿ ಹಾರುವುದು. ತೇವದ ತಪ್ಪಾದರೆ ಅಷ್ಟರಲ್ಲಿ ಕರಗಿಹೋಗುತ್ತದೆ, ಓಝೋನ್ ಆದರೆ ನಿಲ್ಲುತ್ತದೆ. ದುಡ್ಡು, ಜಾಗ ಎರಡೂ ಇದ್ದವರು ಸ್ಕ್ರಬ್ಬರನ್ನೇ ಬಿಟ್ಟು, ನೈಟ್ರಿಕ್ ಆಕ್ಸೈಡ್ ಬೆರೆಸಿ ಓಝೋನ್ ತೆಗೆಯುವ ಮಾಪಕ ಬಳಸಬಹುದು.

ಅದೇ ಬೆಳಕನ್ನು ಹೀರುವ ಬೇರೆ ವಸ್ತುಗಳೂ ಇವೆ: ಪಾದರಸದ ಆವಿ, ಟಾಲ್ವೀನ್-ಕ್ಸೈಲೀನ್ ಬಗೆಯ ಆರೊಮ್ಯಾಟಿಕ್ ಆವಿಗಳು. ವಿಮಾನದ ಪೆಟ್ರೋಲಿನಲ್ಲಿ ಇಂಥ ಆವಿಗಳಿರುವುದರಿಂದ ಇಂಧನ ತುಂಬುವಾಗ ಮಾಪಕದ ಪಂಪ್ ಓಡುತ್ತಿರಬಾರದು. ಸ್ಕ್ರಬ್ಬರ್ ಆ ಆವಿಯನ್ನು ಹೀರಿಟ್ಟುಕೊಂಡು ಹಾರಾಟದ ಮೊದಲ ಹೊತ್ತಿನುದ್ದಕ್ಕೂ ನಿಧಾನಕ್ಕೆ ಬಿಡುತ್ತಿರುತ್ತದೆ.

ಗಾಳಿ ಎಳೆಯುವ ನಳಿಕೆ

ಒಳ್ಳೆಯ ಮಾಪಕಕ್ಕೆ ಕೆಟ್ಟ ನಳಿಕೆ ಜೋಡಿಸಿದರೆ ಎಲ್ಲ ಮುಗಿಯಿತು. ಬಾಯಿ ಪ್ರೊಪೆಲ್ಲರಿನ ಹಿಂದೆ, ಎಂಜಿನ್ ಹೊಗೆಯ ದಾರಿಯಲ್ಲಿ ಇರಕೂಡದು. ಒಂದೇ ಎಂಜಿನ್‌ನ ವಿಮಾನದಲ್ಲಿ ರೆಕ್ಕೆಯ ಮೇಲೆ, ದೇಹದಿಂದ ದೂರ ಇಡುವುದು ಕ್ಷೇಮ. ನಳಿಕೆ ಪಿಎಫ್‌ಎ ಟೆಫ್ಲಾನ್ ಆಗಿರಬೇಕು. ರಬ್ಬರ್, ಸಾಮಾನ್ಯ ಪ್ಲಾಸ್ಟಿಕ್, ಲೋಹದ ಜೋಡಣೆ ಯಾವುದೂ ಗಾಳಿಯ ದಾರಿಯಲ್ಲಿ ಬೇಡ, ಎಲ್ಲವೂ ಓಝೋನ್ ತಿನ್ನುತ್ತವೆ. ಬಾಯಿಯ ಬಳಿ 5 ಮೈಕ್ರಾನ್ ಟೆಫ್ಲಾನ್ ಫಿಲ್ಟರ್. ಅದು ಕೊಳೆಯಾದರೆ ಅದೂ ಓಝೋನ್ ತಿನ್ನುತ್ತದೆ, ಸರೋವರದ ಮೇಲೆ ಕೆಳಗೆ ಹಾರಿದಾಗ ಸಣ್ಣ ಹುಳುಗಳು ಅದಕ್ಕೆ ಬಡಿದಿರುತ್ತವೆ, ಆದ್ದರಿಂದ ದಿನವೂ ಬದಲಿಸಬೇಕು. ಹೊಸ ನಳಿಕೆ, ಹೊಸ ಫಿಲ್ಟರ್ ಎರಡನ್ನೂ ಮೊದಲು ಕೆಲವು ನೂರು ಪಿಪಿಬಿ ಓಝೋನ್ ಹಾಯಿಸಿ ಪಳಗಿಸಬೇಕು. ಹಾಗೆ ಮಾಡದಿದ್ದರೆ ಮೊದಲ ದಿನದ ಅಂಕಿಗಳು ಕಡಿಮೆ ಬಂದು, ದಿನ ಕಳೆದಂತೆ ತಾವಾಗಿಯೇ ಏರುತ್ತಾ ಹೋಗುತ್ತವೆ. ಅದನ್ನು ಹವೆಯ ಬದಲಾವಣೆ ಎಂದು ತಪ್ಪು ತಿಳಿಯುವುದು ಸುಲಭ.

ಸೋರಿಕೆ ಪರೀಕ್ಷೆಗೆ ಬಾಯಿಯನ್ನು ಮುಚ್ಚಿ ಹರಿವು ಸೊನ್ನೆಗೆ ಇಳಿಯುತ್ತದೆಯೇ ನೋಡಬೇಕು. ಸೋರಿದರೆ ಒಳಗೆ ಬರುವುದು ಕ್ಯಾಬಿನ್ ಗಾಳಿ, ಅದರಲ್ಲಿ ಓಝೋನ್ ಹೊರಗಿಗಿಂತ ಕಡಿಮೆ. ಆಗ ಎಲ್ಲ ಅಂಕಿಗಳೂ ನಂಬುವಂತೆಯೇ ಕಾಣುತ್ತವೆ, ಎಲ್ಲವೂ ತಗ್ಗಿರುತ್ತವೆ.

ಇನ್ನು ಗಾಳಿ ಬಾಯಿಯಿಂದ ಮಾಪಕ ತಲುಪುವ ತಡ. 4 ಮೀಟರ್ ಉದ್ದ, 4 ಮಿಲಿಮೀಟರ್ ಒಳವ್ಯಾಸದ ನಳಿಕೆಯಲ್ಲಿ 50 ಘನ ಸೆಂಟಿಮೀಟರ್ ಗಾಳಿ ಹಿಡಿಯುತ್ತದೆ, ನಿಮಿಷಕ್ಕೆ 1.8 ಲೀಟರ್ ಎಳೆದರೆ ತಡ ಸುಮಾರು 1.7 ಸೆಕೆಂಡ್. ಫಿಲ್ಟರ್, ನಾಫಿಯಾನ್, ಅಳೆಯುವ ಕೊಳವೆ ಸೇರಿದರೆ ಇನ್ನೂ ಹೆಚ್ಚು. 150 ನಾಟ್ ವೇಗದಲ್ಲಿ ವಿಮಾನ ಸೆಕೆಂಡಿಗೆ 77 ಮೀಟರ್ ಮುಂದೆ ಹೋಗಿರುತ್ತದೆ. ಈ ತಡವನ್ನು ನೆಲದಲ್ಲೇ, ಬಾಯಿಗೆ ಓಝೋನ್ ಇಲ್ಲದ ಗಾಳಿ ಹಿಡಿದ ಕ್ಷಣದಿಂದ ಅಂಕಿ ಬೀಳುವವರೆಗೆ ಎಣಿಸಿ ತಿಳಿಯಬಹುದು. ಹಾರಾಟದಲ್ಲಿ ಪರೀಕ್ಷಿಸುವ ದಾರಿಯೂ ಇದೆ: ಎತ್ತರದೊಡನೆ ಓಝೋನ್ ತೋರಿಸುವ ಏರುವ ಗೆರೆ, ಇಳಿಯುವ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟು, ಅವು ಕೂಡುವವರೆಗೆ ಸಮಯವನ್ನು ಸರಿಸುವುದು. ತಾಪ, ತೇವದ ಸಂವೇದಕಗಳಿಗೆ ಅವುಗಳದೇ ಬೇರೆ ತಡ ಇರುತ್ತದೆ, ಎಲ್ಲಕ್ಕೂ ಒಂದೇ ಅಂಕಿ ಬಳಸಬಾರದು.

ಎತ್ತರ ಅಂದರೆ ಯಾವುದರಿಂದ?

ಮಿಶಿಗನ್ ಸರೋವರದ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 176 ಮೀಟರ್, ಅಂದರೆ 577 ಅಡಿ ಎತ್ತರದಲ್ಲಿದೆ. ಪೈಲಟ್‌ನ ಆಲ್ಟಿಮೀಟರ್ (ಗಾಳಿಯ ಒತ್ತಡದಿಂದ ಎತ್ತರ ಹೇಳುವ ಮಾಪಕ) 800 ಅಡಿ ತೋರಿಸಿದರೆ ನೀರಿನಿಂದ ಇರುವುದು 223 ಅಡಿ, ಸುಮಾರು 68 ಮೀಟರ್. ಒತ್ತಡದ ಹೊಂದಾಣಿಕೆ 1 ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಎತ್ತರ 8 ಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಜಿಪಿಎಸ್ ಎತ್ತರ ಬಳಸುವವರಿಗೆ ಬೇರೆ ಹೊಂಡ ಕಾದಿದೆ: ಕಚ್ಚಾ ಜಿಪಿಎಸ್ ಎತ್ತರ ಎಲಿಪ್ಸಾಯ್ಡ್‌ನಿಂದ (ಭೂಮಿಯ ಆಕಾರಕ್ಕೆ ಲೆಕ್ಕದಲ್ಲಿ ಹೊಂದಿಸಿದ ನುಣುಪು ಮೇಲ್ಮೈ) ಎಣಿಸಿದ್ದು, ಈ ಪ್ರದೇಶದಲ್ಲಿ ಅದು ಸಮುದ್ರಮಟ್ಟದ ಲೆಕ್ಕಕ್ಕಿಂತ ಮೂವತ್ತೈದು ಮೀಟರಿನ ಆಸುಪಾಸು ಕಡಿಮೆ ಬರುತ್ತದೆ. ತಿದ್ದದೆ ಗೆರೆ ಎಳೆದರೆ ಓಝೋನ್ ಪದರದ ಒಂದು ಭಾಗ ನೀರಿನೊಳಗೆ ಹೋಗಿ ಕೂರುತ್ತದೆ. ರೇಡಾರ್ ಅಥವಾ ಲೇಸರ್ ಆಲ್ಟಿಮೀಟರ್ ಇದ್ದರೆ ಈ ತಲೆನೋವೇ ಇಲ್ಲ.

ಹಾರುವ ಬಗೆ

ಒಳ್ಳೆಯ ದಿನ ಆರಿಸುವುದೇ ಅರ್ಧ ಕೆಲಸ. ಹಗುರ ನೈರುತ್ಯ ಅಥವಾ ದಕ್ಷಿಣದ ಗಾಳಿ, ಸರೋವರದ ಪೂರ್ವಕ್ಕೆ ಅಧಿಕ ಒತ್ತಡ, ಮೋಡವಿಲ್ಲದ ಆಕಾಶ, ಬಿಸಿ ನೆಲ. ಇವೆಲ್ಲ ಕೂಡಿದ ದಿನಗಳು ತಿಂಗಳಿಗೆ ಕೆಲವೇ. 2017ರ ಜೂನ್ 2 ಅಂಥ ಒಂದು ದಿನ. ಅಂಥ ದಿನ ಎರಡು ಹಾರಾಟ ಬೇಕು: ಬೆಳಿಗ್ಗೆ ನೆಲದ ಗಾಳಿ ಇನ್ನೂ ಇರುವಾಗ ಹೊಗೆ ನೀರಿನ ಮೇಲೆ ಎಲ್ಲಿದೆ ಎಂದು ನೋಡಲು ಒಂದು, ಮಧ್ಯಾಹ್ನ ಸರೋವರದ ಗಾಳಿ ಒಳನುಗ್ಗಿದ ಮೇಲೆ ಇನ್ನೊಂದು. ಮಧ್ಯಾಹ್ನದ್ದು ಮಾತ್ರ ಹಾರಿದರೆ ಓಝೋನ್ ಎಷ್ಟಿದೆ ಎಂಬುದು ಸಿಗುತ್ತದೆ, ಯಾವುದರಿಂದ ಆಯಿತು ಎಂಬುದು ಸಿಗುವುದಿಲ್ಲ.

ದಡಕ್ಕೆ ಅಡ್ಡಲಾಗಿ ಒಳನಾಡಿನಿಂದ ಹೊರಟು ನೀರಿನ ಮೇಲೆ 20-30 ಕಿ.ಮೀ. ಹೋಗಿಬರುವ ಗೆರೆಗಳು, ನಡುನಡುವೆ ಸುರುಳಿ. 150 ನಾಟ್ ವೇಗದಲ್ಲಿ 20 ಡಿಗ್ರಿ ವಾಲಿ ಸುತ್ತಿದರೆ ವೃತ್ತದ ತ್ರಿಜ್ಯ ಸುಮಾರು 1.7 ಕಿ.ಮೀ., ಒಂದು ಸುತ್ತಿಗೆ ಎರಡೂಕಾಲು ನಿಮಿಷ. ಆ ಹೊತ್ತಿಗೆ ವಿಮಾನ ಸುಮಾರು 345 ಮೀಟರ್ ಏರಿರುತ್ತದೆ. ಕೆಳಗಿನ ನೂರು ಮೀಟರ್ ಪೂರ್ತಿ ಸುತ್ತಿನ ಮೂರನೇ ಒಂದು ಭಾಗದಲ್ಲೇ ಮುಗಿದು, ಅಷ್ಟರಲ್ಲಿ ವಿಮಾನ 3 ಕಿ.ಮೀ. ಸರಿದಿರುತ್ತದೆ. ಆದ್ದರಿಂದ ಸುರುಳಿಯನ್ನು ದಡದ ಗೆರೆಯ ಮೇಲೆ ಇಡಬಾರದು. ವೃತ್ತದ ಒಂದು ಅಂಚು ನೀರು, ಇನ್ನೊಂದು ಅಂಚು ಬಿಸಿ ನೆಲವಾದರೆ ಬರುವ ಗೆರೆ ಎರಡು ಬೇರೆ ಗಾಳಿಗಳ ಕಲಬೆರಕೆ. ಪೂರ್ತಿ ನೀರಿನ ಮೇಲೆ ಇಡಬೇಕು, ಇಲ್ಲವೇ ಪೂರ್ತಿ ನೆಲದ ಮೇಲೆ. ಇಳಿಯಲು ಬಂದು ಚಕ್ರ ತಾಗಿಸದೆ ಮೇಲೇರುವ ಉಪಾಯದಿಂದ ದಡದ ಬಳಿಯ ವಿಮಾನ ನಿಲ್ದಾಣಗಳಲ್ಲಿ ತೀರ ಕೆಳಗಿನ ಗಾಳಿಯೂ ಸಿಗುತ್ತದೆ. ಆದರೆ ಆ ರನ್‌ವೇಗಳು ಸರೋವರಕ್ಕಿಂತ ಎತ್ತರದಲ್ಲಿ, ಹಲವು ದಡದಿಂದ ಕೆಲವು ಕಿ.ಮೀ. ಒಳಗೆ, ಕಾದ ನೆಲದ ಮೇಲಿವೆ. ಅಲ್ಲಿನ ಗೆರೆಯನ್ನು ಸರೋವರದ ಗೆರೆಯೆಂದು ಬರೆಯಕೂಡದು.

ಹಗುರ ಗಾಳಿಯ ದಿನ ಕೆಳಗೆ ಸುತ್ತುವಾಗ ವಿಮಾನ ತನ್ನದೇ ಹೊಗೆಯೊಳಗೆ ನುಗ್ಗುವುದುಂಟು. ಆಗ ಓಝೋನ್ ಒಂದೆರಡು ಸೆಕೆಂಡ್ ತಗ್ಗಿ, ನೈಟ್ರೋಜನ್ ಡೈಆಕ್ಸೈಡ್ ಅಷ್ಟೇ ಏರುತ್ತದೆ. ನಗರದ ಹೊಗೆಯಲ್ಲೂ ಹೀಗೇ ಆಗುವುದರಿಂದ ಕಾರ್ಬನ್ ಡೈಆಕ್ಸೈಡ್ ನೋಡಬೇಕು. ಸೂಜಿಯಂತೆ ಚೂಪಾದ ಏರಿಕೆ ಇದ್ದರೆ ಅದು ನಮ್ಮದೇ ಎಂಜಿನ್. ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡ್ ಎರಡರ ಮೊತ್ತವನ್ನು ಬೇರೆ ಗೆರೆಯಾಗಿ ಎಳೆದಿಟ್ಟುಕೊಳ್ಳುವುದು ಬಹಳ ಉಪಯೋಗಿ. ತಾಜಾ ಹೊಗೆ ಓಝೋನನ್ನು ತಾತ್ಕಾಲಿಕವಾಗಿ ನುಂಗಿದ್ದರೆ ಮೊತ್ತ ಹಾಗೇ ಉಳಿಯುತ್ತದೆ. ಗಾಳಿಯೇ ಬೇರೆಯಾಗಿದ್ದರೆ ಮೊತ್ತವೂ ಬದಲಾಗುತ್ತದೆ. ಇದಕ್ಕೆ ನೈಟ್ರೋಜನ್ ಡೈಆಕ್ಸೈಡನ್ನು ನೇರವಾಗಿ ಬೆಳಕಿನಿಂದ ಅಳೆಯುವ ಉಪಕರಣ ಬೇಕು. ಕಾಯಿಸಿದ ಮಾಲಿಬ್ಡಿನಮ್ ಬಳಸುವ ಹಳೆಯ ಬಗೆಯದು ನೈಟ್ರಿಕ್ ಆಮ್ಲ ಮುಂತಾದವನ್ನೂ ಸೇರಿಸಿ ಎಣಿಸುತ್ತದೆ, ನೀರಿನ ಮೇಲಿನ ಹಳಸಿದ ಗಾಳಿಯಲ್ಲಿ ಅವೇ ಹೆಚ್ಚು.

ಸುರಕ್ಷತೆಯ ಮಾತು ಬಿಡುವಂತಿಲ್ಲ. ಅಮೆರಿಕದ ನಿಯಮ ತೆರೆದ ನೀರಿನ ಮೇಲೆ 500 ಅಡಿಗಿಂತ ಕೆಳಗೆ ಹಾರಲು ಬಿಡುತ್ತದೆ, ಆದರೆ ಯಾವುದೇ ವ್ಯಕ್ತಿ, ದೋಣಿ, ಕಟ್ಟಡದಿಂದ 500 ಅಡಿ ಅಂತರ ಇರಲೇಬೇಕು. ಬಿಸಿಲಿನ ದಿನ ದಡದ ಬಳಿ ದೋಣಿಗಳು ತುಂಬಿರುತ್ತವೆ. ಒಂದೇ ಎಂಜಿನ್‌ನ ವಿಮಾನ 300 ಮೀಟರಿನಲ್ಲಿ ಎಂಜಿನ್ ನಿಂತರೆ ಸುಮಾರು 3 ಕಿ.ಮೀ. ಮಾತ್ರ ಜಾರಬಲ್ಲದು, ಕೆಳಗಿನ ನೀರು 10 ಡಿಗ್ರಿ. ಲೈಫ್ ಜಾಕೆಟ್ ಮೈಮೇಲೇ ಇರಬೇಕು, ಸೀಟಿನ ಕೆಳಗಿದ್ದರೆ ಉಪಯೋಗವಿಲ್ಲ. ತಣ್ಣೀರಿನ ಉಡುಪೂ ಬೇಕು. ಓಝೋನ್ ದಿನಗಳೆಂದರೆ ಮಬ್ಬು ದಿನಗಳು. ನೀರು, ಆಕಾಶ ಒಂದೇ ಬಣ್ಣವಾಗಿ ದಿಗಂತ ಕಾಣುವುದಿಲ್ಲ. ಕೆಳಗೆ ಸುತ್ತುವ ಪೈಲಟ್‌ಗೆ ಕಣ್ಣಿಗಿಂತ ಉಪಕರಣಗಳ ಮೇಲೆ ನಂಬಿಕೆ ಇರಬೇಕು, ಎತ್ತರವನ್ನು ಕೂಗಿ ಹೇಳಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಶಿಕಾಗೋ ಬಳಿಯ ಓಹೇರ್ ನಿಯಂತ್ರಿತ ವಾಯುಪ್ರದೇಶ ಸರೋವರದ ಮೇಲಕ್ಕೂ ಚಾಚಿದೆ, ಅಲ್ಲಿ ಸುರುಳಿ ಹಾಕಲು ಮೊದಲೇ ಮಾತಾಡಿಕೊಳ್ಳಬೇಕು.

ಅಂಕಿಗಳನ್ನು ಕೈಗೆ ತೆಗೆದುಕೊಂಡ ಮೇಲೆ

ಹಾರಾಟಕ್ಕೆ ಮೊದಲೂ ನಂತರವೂ ಓಝೋನ್ ಜನರೇಟರಿನಿಂದ 0, 30, 60, 90, 120 ಪಿಪಿಬಿ ಕೊಟ್ಟು ನೋಡಬೇಕು, ಅದೂ ಮಾಪಕದ ಬೆನ್ನಿಗೆ ನೇರವಾಗಿ ಕೊಡದೆ ನಳಿಕೆಯ ಬಾಯಿಯಿಂದಲೇ. ಹಾಗೆ ಮಾಡಿದರೆ ನಳಿಕೆಯ ನಷ್ಟವೂ ಲೆಕ್ಕಕ್ಕೆ ಸಿಗುತ್ತದೆ. ದಡದ ಠಾಣೆಯ ಮೇಲೆ ಹಾರಿ ಹೋಲಿಸುವುದನ್ನು ಕ್ಯಾಲಿಬ್ರೇಷನ್ (ಗೊತ್ತಿರುವ ಪ್ರಮಾಣ ಕೊಟ್ಟು ಮಾಪಕವನ್ನು ಸರಿಹೊಂದಿಸುವುದು) ಎಂದು ಕರೆಯಬಾರದು. ಠಾಣೆ ನೆಲದಿಂದ ಕೆಲವು ಮೀಟರಿನಲ್ಲಿ ಗಂಟೆಯ ಸರಾಸರಿ ಅಳೆಯುತ್ತದೆ, ವಿಮಾನ ಅದೇ ಗಾಳಿಯಲ್ಲಿ ಇದೆ ಎಂದು ಹೇಳಲು ಆಧಾರವಿಲ್ಲ.

ಗೆರೆ ಎಳೆಯುವಾಗ ಕೆಳಗಿನ 200 ಮೀಟರಿಗೆ 10 ಮೀಟರಿನ ಪಟ್ಟಿ, ಮೇಲೆ 50 ಮೀಟರಿನದು ಸಾಕು. ಓಝೋನಿನ ಪಕ್ಕದಲ್ಲಿ ವಿಭವ ತಾಪ (ಎತ್ತರದ ಒತ್ತಡ ವ್ಯತ್ಯಾಸ ಕಳೆದ ತಾಪ) ಮತ್ತು ನೀರಾವಿಯ ಗೆರೆಗಳು ಇರಲೇಬೇಕು. ಪದರದ ಮೇಲಂಚು ಎಲ್ಲಿ ಎಂಬುದನ್ನು ತೀರ್ಮಾನಿಸುವುದು ಅವು. ಸಹಾಯಕ್ಕೆ ಮಿಲ್ವಾಕಿಯ ಆಗ್ನೇಯಕ್ಕೆ ತೇಲುವ 45007 ಸಂಖ್ಯೆಯ ಬಾಯ್ (ಮಾಪಕಗಳಿರುವ ತೇಲುಗುಂಡು) ನೀರಿನ ತಾಪ, ಗಾಳಿ ಕೊಡುತ್ತದೆ. ಚಳಿಗಾಲದಲ್ಲಿ ಅದನ್ನು ಮೇಲೆತ್ತಿರುತ್ತಾರೆ, ವಸಂತದಲ್ಲಿ ಮತ್ತೆ ನೀರಿಗಿಳಿಸಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ಕೊನೆಗೆ ಈ ಅಂಕಿಗಳು ಹೋಗುವುದು ಕಂಪ್ಯೂಟರ್ ಮಾದರಿಗಳ ಪರೀಕ್ಷೆಗೆ. 12 ಕಿ.ಮೀ. ಚೌಕದ ಮಾದರಿಯಲ್ಲಿ ದಡವೇ ಮೆಟ್ಟಿಲುಮೆಟ್ಟಿಲು. ಸರೋವರದ ಗಾಳಿ ಎಷ್ಟು ಒಳಗೆ ಬರುತ್ತದೆ ಎಂಬುದು ಅದಕ್ಕೆ ಸಿಗದು. ಚೌಕ ಸಣ್ಣದು ಮಾಡಿದರೂ ನೀರಿನ ತಾಪ ತಪ್ಪಾಗಿ ಕೊಟ್ಟಿದ್ದರೆ ತಂಪು ಪದರದ ದಪ್ಪವೇ ತಪ್ಪುತ್ತದೆ. ನೋವಾದ ಗ್ರೇಟ್ ಲೇಕ್ಸ್ ಪ್ರಯೋಗಾಲಯ ಉಪಗ್ರಹದಿಂದ ತಯಾರಿಸುವ ದಿನದ ತಾಪ ನಕ್ಷೆ ಬಳಸುವುದು ಒಳ್ಳೆಯದು, ಮೋಡ ಕವಿದ ದಿನಗಳ ನಂತರ ಅದು ಒಂದಿಷ್ಟು ಹಳತಾಗಿರಬಹುದು ಎಂಬುದು ನೆನಪಿರಲಿ. ಹೋಲಿಕೆ ಮಾಡುವಾಗ ಮಾದರಿಯ ಕೆಳಗಿನ ಪದರಗಳ ದಪ್ಪಕ್ಕೆ ತಕ್ಕಂತೆ ವಿಮಾನದ ಅಂಕಿಗಳನ್ನು ಸರಾಸರಿ ಮಾಡಬೇಕು. 40 ಮೀಟರ್ ದಪ್ಪದ ಮಾದರಿ ಪದರವನ್ನು 68 ಮೀಟರಿನ ಒಂದೇ ಅಂಕಿಯೊಡನೆ ಹೋಲಿಸಿದರೆ, ಗಡಿಯ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ಮಾದರಿ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು.

ವಿಮಾನ ಇಳಿಯಲಾರದ ಕೆಳಗಿನ ತುಂಡಿಗೆ ಡ್ರೋನ್ ಬಂದಿದೆ. 2021ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್-ಇಲಿನಾಯ್ ಗಡಿಯ ಚಿವಾಕಿ ಪ್ರೇರಿಯಲ್ಲಿ ಡ್ರೋನ್‌ಗಳಿಂದ ದಡದ ಓಝೋನ್ ಅಳೆದರು. ಸಾಮಾನ್ಯ ಪರವಾನಗಿಯಲ್ಲಿ 400 ಅಡಿ, ಅಂದರೆ 122 ಮೀಟರ್ ಮಿತಿ. ಪದರ ತೆಳುವಿದ್ದ ದಿನ ಅಷ್ಟೇ ಸಾಕು, ದಪ್ಪವಿದ್ದ ದಿನ ಮೇಲಂಚು ಸಿಗುವುದಿಲ್ಲ. ಡ್ರೋನ್ ಕಣ್ಣಳತೆಯ ದೂರ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಅದು ದಡದ ಉಪಕರಣವಾಗಿಯೇ ಉಳಿಯುತ್ತದೆ. ದಡದಿಂದ 20 ಕಿ.ಮೀ. ಆಚೆಯ ಪದರಕ್ಕೆ ವಿಮಾನ ಮತ್ತು ಹಡಗು ಒಂದೇ ದಿನ, ಒಂದೇ ಜಾಗದಲ್ಲಿ ಕೂಡಬೇಕು.